ಮಾರ್ಕ್ಸ್ ಇಲ್ಲದ ಪುಸ್ತಕ

ಅಮೆರಿಕದ ಎಷ್ಟೋ ಕಾಲೇಜುಗಳಲ್ಲಿ ಒಂದು ಪದ್ಧತಿ ಇದೆ. ಸೀಟು ಸಿಕ್ಕಿದ ಹುಡುಗರಿಗೆಲ್ಲ ಬೇಸಿಗೆ ರಜೆಯಲ್ಲೇ ಒಂದು ಪುಸ್ತಕ ಗೊತ್ತುಮಾಡಿ, ಓದಿಕೊಂಡು ಬನ್ನಿ, ಬಂದ ಕೂಡಲೇ ಕೂತು ಮಾತಾಡೋಣ ಎನ್ನುತ್ತಾರೆ. ಬಹಳ ಕಡೆ ಇದಕ್ಕೆ ಪರೀಕ್ಷೆ ಇಲ್ಲ, ಮಾರ್ಕ್ಸ್ ಇಲ್ಲ, ಓದದಿದ್ದರೆ ದಂಡವೂ ಇಲ್ಲ. ಇಂಥ ನಿರುಪದ್ರವಿ ಬೇಡಿಕೆ ಒಂದು ಕನ್ನಡದ ಮನೆಯ ನೆಮ್ಮದಿ ಹೇಗೆ ಕೆಡಿಸಬಲ್ಲದು ಎಂಬುದನ್ನು ನ್ಯೂಜೆರ್ಸಿಯಲ್ಲಿ ಅಕ್ಕನ ಮನೆಯಲ್ಲಿದ್ದಾಗ ಕಂಡೆ. ಅಕ್ಕನ ಮಗನಿಗೂ ಅವನ ಕಾಲೇಜು ಅಂಥದೊಂದು ಪುಸ್ತಕ ಗೊತ್ತುಮಾಡಿತ್ತು.

"ಪರೀಕ್ಷೆಗೆ ಬರುತ್ತಾ?" ಎಂದರು ಭಾವ.

"ಇಲ್ಲಪ್ಪಾ."

"ಕ್ರೆಡಿಟ್ಟು?"

"ಅದೂ ಇಲ್ಲ."

"ಮತ್ಯಾಕೆ ಕೊಟ್ಟಿದಾರೆ?"

ಎಸ್ಸೆಸ್ಸೆಲ್ಸಿಯಿಂದ ಇಂಜಿನಿಯರಿಂಗ್‌ವರೆಗೆ ಇಂಪಾರ್ಟೆಂಟ್ ಪ್ರಶ್ನೆಗಳಿಗೆ ಗೆರೆ ಹಾಕಿಕೊಂಡೇ ದಡ ಸೇರಿದವರು ಭಾವ. ಯಾರೂ ಕೇಳದ ಪ್ರಶ್ನೆಗೆ ಉತ್ತರ ಓದುವುದು ಅವರ ಲೆಕ್ಕದಲ್ಲಿ ಶುದ್ಧ ದುಂದುವೆಚ್ಚ.

ಪುಸ್ತಕವೇನೋ ಭಾರಿಯದೇ. ರೆಬೆಕಾ ಸ್ಕ್ಲೂಟ್ 2010ರಲ್ಲಿ ತಂದ 'ದಿ ಇಮ್ಮಾರ್ಟಲ್ ಲೈಫ್ ಆಫ್ ಹೆನ್ರಿಯೆಟಾ ಲ್ಯಾಕ್ಸ್'. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಕ್ಯಾನ್ಸರ್ ಚಿಕಿತ್ಸೆಗೆ ಬಂದ ಬಡ ಕರಿಯ ಹೆಂಗಸೊಬ್ಬಳ ಜೀವಕೋಶಗಳನ್ನು ಅವಳನ್ನೊಂದು ಮಾತೂ ಕೇಳದೆ ವೈದ್ಯರು ತೆಗೆದಿಟ್ಟುಕೊಂಡರು. ಅವಳು ಅದೇ ವರ್ಷ ತೀರಿಕೊಂಡಳು. ಕೋಶಗಳು ಸಾಯಲೇ ಇಲ್ಲ. 'ಹೀಲಾ' ಎಂಬ ಹೆಸರಿನಲ್ಲಿ ಪ್ರಪಂಚದ ಪ್ರಯೋಗಾಲಯಗಳನ್ನೆಲ್ಲ ಸುತ್ತಿದವು, ಪೋಲಿಯೊ ಲಸಿಕೆಯ ಪರೀಕ್ಷೆಗೂ ಒದಗಿದವು. ಮನೆಯವರಿಗೆ ಸುದ್ದಿ ತಿಳಿಯಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

"ಕಂಪ್ಯೂಟರ್ ಸೈನ್ಸ್ ಓದೋನಿಗೆ ಇದೆಲ್ಲ ಯಾಕೆ?" ಎಂದು ಭಾವ ಇನ್ನೊಂದು ಆಕ್ಷೇಪ ದಾಖಲಿಸಿದರು.

ಅಕ್ಕ ಪುಸ್ತಕವನ್ನು ಮೊದಲು ಮಗನ ದಿಂಬಿನ ಮೇಲಿಟ್ಟಳು. ಆಮೇಲೆ ಸೀರಿಯಲ್ ಡಬ್ಬಿಯ ಪಕ್ಕ. ಕೊನೆಗೆ ಬಚ್ಚಲುಮನೆಯ ಕಿಟಕಿಯಲ್ಲಿ. ಹೀಗೆ ಹೆನ್ರಿಯೆಟಾ ಇಡೀ ಮನೆ ಸುತ್ತಿದಳು. ಗುರುತಿಗೆಂದು ಸಿಕ್ಕಿಸಿದ್ದ ಪಟೇಲ್ ಬ್ರದರ್ಸ್ ಅಂಗಡಿಯ ಬಿಲ್ಲು ಮಾತ್ರ ಹನ್ನೊಂದನೇ ಪುಟ ಬಿಟ್ಟು ಕದಲಲಿಲ್ಲ. ಕಾರು ಓಡಿಸಲು ಬಾರದೆ ಹಗಲೆಲ್ಲ ಮನೆಯಲ್ಲೇ ಕೂರಬೇಕಾದ ನೆಂಟನೊಬ್ಬ ಇದ್ದನಲ್ಲ, ಅವನೇ ಕೊನೆಗೆ ಓದಿ ಮುಗಿಸಿದ.

ಓದದೆ ತಪ್ಪಿಸಿಕೊಳ್ಳುವುದೂ ಎಲ್ಲ ಕಡೆ ಸಸಾರವಲ್ಲ. 2002ರಲ್ಲಿ ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯ ಹೊಸ ಹುಡುಗರಿಗೆ ಕುರಾನಿನಲ್ಲಿ ಮೊದಮೊದಲು ಅವತರಿಸಿದ ಅಧ್ಯಾಯಗಳ ಕುರಿತ, ಮೈಕೆಲ್ ಸೆಲ್ಸ್ ಅವರ ಪುಸ್ತಕ ಗೊತ್ತುಮಾಡಿತು. ಹಿಂದಿನ ವರ್ಷವಷ್ಟೇ ಅವಳಿ ಗೋಪುರಗಳು ಉರುಳಿದ್ದವು. ಗಲಾಟೆಯಾಯಿತು, ಕೋರ್ಟಿಗೂ ಹೋಯಿತು, ಕೋರ್ಟು ತಡೆ ಕೊಡಲಿಲ್ಲ. ವಿಶ್ವವಿದ್ಯಾಲಯ ಒಂದು ರಿಯಾಯಿತಿ ಕೊಟ್ಟಿತು: ಇಷ್ಟವಿಲ್ಲದವರು ಓದಬೇಕಾಗಿಲ್ಲ, ಯಾಕೆ ಓದುವುದಿಲ್ಲ ಎಂದು ಒಂದು ಪುಟ ಬರೆದು ತಂದರಾಯಿತು! ಸೋಮಾರಿಗಳ ಮನಸ್ಸು ಅರಿತ ಮೇಷ್ಟ್ರು ಯಾರೋ ಆ ಕಮಿಟಿಯಲ್ಲಿದ್ದಿರಬೇಕು. 2019ರಲ್ಲಿ ಜಾರ್ಜಿಯಾ ಸದರ್ನ್ ವಿಶ್ವವಿದ್ಯಾಲಯದ ಕೆಲವು ಹುಡುಗರಂತೂ ಮೊದಲ ವರ್ಷಕ್ಕೆ ಕೊಟ್ಟ ಕಾದಂಬರಿಯನ್ನೇ ಸುಟ್ಟರು. ಲೇಖಕಿ ಜೆನೀನ್ ಕಾಪೊ ಕ್ರೂಸೆಟ್ ಅದೇ ದಿನ ಅಲ್ಲಿ ಭಾಷಣ ಮಾಡಿದ್ದರು. ಕಥೆ ಯಾರದು? ಮನೆತನದಲ್ಲೇ ಮೊದಲು ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಯದು. ಹನ್ನೊಂದನೇ ಪುಟದಲ್ಲಿ ಬಿಲ್ಲು ಬಿಟ್ಟು ಮಲಗುವ ನಮ್ಮ ಹುಡುಗ ಆ ಮಟ್ಟಿಗೆ ಬಂಗಾರ.

ನನ್ನ ಕೇಳಿದರೆ, ಓದಬೇಕು. ಜ್ಞಾನ ಗೀನ ಆಮೇಲಿನ ಮಾತು. ಗುರುತಿಲ್ಲದವರ ನಡುವೆ ಹೋಗಿ ಕೂತಾಗ 'ಯಾವ ಊರು, ಯಾವ ಮೇಜರ್' ಮುಗಿದ ಮೇಲೆ ಬಾಯಾಡಿಸಲು ಮೂರನೆಯವರ ಕಥೆಯೊಂದು ಬೇಡವೇ? ನಾವು ಮದುವೆಮನೆಯಲ್ಲಿ ಅದಕ್ಕೆ ಊಟದ ಎಲೆ ಮುಂದೆ ಕೂತವರನ್ನೇ ಬಳಸಿಕೊಳ್ಳುತ್ತೇವೆ. ಕಾಲೇಜಿನವರು ಮರ್ಯಾದಸ್ಥರು, ಪುಸ್ತಕ ಕೊಡುತ್ತಾರೆ.

ಚರ್ಚೆ ಮುಗಿದ ದಿನ ಸಂಜೆ ಹುಡುಗ ಫೋನ್ ಮಾಡಿದ. ಸ್ಪೀಕರಿಗೆ ಹಾಕಿ ಎಲ್ಲರೂ ಸುತ್ತ ಕೂತೆವು.

"ಎಲ್ಲರೂ ಪುಸ್ತಕದಲ್ಲಿದ್ದದ್ದೇ ಹೇಳ್ತಿದ್ರು ಮಾಮ. ನಾನು ಬಾಗಿಲಲ್ಲಿ ನಿಂತು ಫೋನಲ್ಲಿ ನೋಡ್ಕೊಂಡೆ. ಥರ್ಮೋ ಫಿಶರ್ ಕಂಪನಿ ಮೇಲೆ ಹೆನ್ರಿಯೆಟಾ ಮನೆಯವರು ಕೇಸ್ ಹಾಕಿದ್ರಲ್ಲ, 2023ರಲ್ಲಿ ರಾಜಿ ಆಯ್ತಲ್ಲ, ಅದನ್ನ ಹೇಳ್ದೆ. ಪ್ರೊಫೆಸರಿಗೆ ಭಾಳ ಖುಷಿ. ಎಷ್ಟು ಆಳವಾಗಿ ಓದಿದೀಯ ಅಂದ್ರು."

2010ರ ಪುಸ್ತಕದಲ್ಲಿ ಅದು ಎಲ್ಲಿಂದ ಬರಬೇಕು! ಕಡೆಯ ಪುಟದವರೆಗೆ ಓದಿದ ನನಗೆ ಆ ರಾಜಿಯ ಗಂಧಗಾಳಿಯೂ ಗೊತ್ತಿರಲಿಲ್ಲ.

ಭಾವ ನನ್ನ ಕಡೆ ನೋಡಿ, "ಅಷ್ಟು ಕಷ್ಟಪಟ್ಟು ಓದಿದ್ರಿ ಪಾಪ," ಎಂದರು.