ಮೇಲಿನವರ ಕೃಪೆ

ನಮ್ಮ ಮನೆಯಲ್ಲಿ ಈಚೆಗೆ ಗಡಿಯಾರ ನೋಡುವ ಪದ್ಧತಿ ಇಲ್ಲ. ತಲೆಯ ಮೇಲೆ ಗ್ರೈಂಡರ್ ಗುರುಗುಟ್ಟಿದರೆ ಬೆಳಗಿನ ಐದೂವರೆ. ದಬದಬ ಓಟ ಶುರುವಾದರೆ ಸ್ಕೂಲ್ ಬಸ್ಸಿನ ಹೊತ್ತು. ಕುಟ್ಟಾಣಿಯಲ್ಲಿ ಶುಂಠಿ ಜಜ್ಜುವ ಸದ್ದು ಕೇಳಿದರೆ ನನ್ನ ಹೆಂಡತಿ ಎದ್ದು ಟೀಗೆ ನೀರಿಡುತ್ತಾಳೆ. ರಾತ್ರಿ ಹನ್ನೊಂದರ ಸುಮಾರಿಗೆ ಒಂದು ಸ್ಟೀಲ್ ತಟ್ಟೆ ಬೀಳಬೇಕು. ಬಿದ್ದದ್ದಕ್ಕೆ ಬೇಸರವಿಲ್ಲ. ಠಣ್ ಎಂದು ಬಿದ್ದದ್ದು ಅಂಚಿನ ಮೇಲೆ ಣಣಣಣ ಎಂದು ಗಿರಕಿ ಹೊಡೆದು, ಸುಸ್ತಾಗಿ, ತನಗೆ ಬೇಕಾದಾಗ ಮಲಗುತ್ತದಲ್ಲ, ಅಷ್ಟು ಹೊತ್ತಿನಲ್ಲಿ ಅದರ ಮೇಲೊಂದು ಕಾಲಿಡುವ ಪುಣ್ಯಾತ್ಮ ಆ ಮನೆಯಲ್ಲಿಲ್ಲವಲ್ಲ ಎಂಬುದೇ ಸಂಕಟ. ನಾನು ಹಾಸಿಗೆಯಲ್ಲೇ ಕಾಲು ಚಾಚಿ ಗಾಳಿಯನ್ನು ಮೆಟ್ಟುತ್ತೇನೆ.

ನಮ್ಮ ಬ್ಲಾಕಿನ ನಿವೃತ್ತ ಇಂಜಿನಿಯರೊಬ್ಬರು ಇದರ ಗುಟ್ಟನ್ನು ಲಿಫ್ಟಿನಲ್ಲಿ ಬಿಡಿಸಿ ಹೇಳಿದರು. ಕಾಂಕ್ರೀಟಿನ ಸ್ಲ್ಯಾಬು ಭಾರವಾದದ್ದರಿಂದ ಗಾಳಿಯಲ್ಲಿ ಬರುವ ಮಾತುಕತೆಯನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಪೆಟ್ಟು ನೇರವಾಗಿ ಅದಕ್ಕೇ ಬಿದ್ದರೆ ಇಡೀ ಸ್ಲ್ಯಾಬು ನಗಾರಿಯ ಚರ್ಮದ ಹಾಗೆ ಅದುರುತ್ತದೆ. ಮೇಲಿನವರು ಜಮಖಾನ ಹಾಸಿ, ಕುರ್ಚಿಯ ಕಾಲಿಗೆ ರಬ್ಬರ್ ಬುಶ್ ಹಾಕಿದರೆ ಎಷ್ಟೋ ವಾಸಿ. ಕೆಳಗಿನವರು ಏನು ಮಾಡಿದರೂ ಅಷ್ಟಕ್ಕಷ್ಟೆ.

“ಅಂದ್ರೆ ಅವ್ರು ಜಗಳ ಆಡಿದ್ರೆ ಕೇಳ್ಸಲ್ಲ, ಶುಂಠಿ ಜಜ್ಜಿದ್ರೆ ಕೇಳ್ಸುತ್ತೆ. ಇದೆಂಥಾ ಕಟ್ಟಡ ರೀ!” ಎಂದಳು ನನ್ನವಳು.

ಕಾನೂನು ಓದಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಸರಿ, ಸಾಕ್ಷ್ಯ ಸಂಗ್ರಹಿಸೋಣವೆಂದು ಮೊಬೈಲಿಗೆ ಡೆಸಿಬಲ್ ಅಳೆಯುವ ಆ್ಯಪ್ ಹಾಕಿಕೊಂಡು ಹನ್ನೊಂದಕ್ಕೆ ಹೊಂಚು ಹಾಕಿ ಕೂತೆ. ತಟ್ಟೆ ಬೀಳುವ ಮೊದಲೇ ಅದು 50 ದಾಟಿತ್ತು. ನಮ್ಮದೇ ಫ್ಯಾನು. ಫ್ಯಾನ್ ಆರಿಸಿದರೆ ಸೊಳ್ಳೆ. ಮೊಕದ್ದಮೆ ಅಲ್ಲಿಗೆ ವಜಾ.

ಇನ್ನು ಅಸೋಸಿಯೇಷನ್ನು. ನಮ್ಮ ಸಂಘ 1960ರ ಸೊಸೈಟಿ ಕಾಯ್ದೆಯಡಿ ಇರಬೇಕೋ, 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಇರಬೇಕೋ ಎಂಬ ಚರ್ಚೆ ನಾವು ಫ್ಲ್ಯಾಟು ಕೊಳ್ಳುವ ಮುಂಚಿನಿಂದಲೂ ನಡೆದಿದೆ. ಏನೇ ಹೇಳಿದರೂ ಸೆಕ್ರೆಟರಿ “ಅದೊಂದು ಇತ್ಯರ್ಥ ಆಗ್ಲಿ ಸಾರ್” ಅನ್ನುತ್ತಾರೆ. ಮೇಲ್ ಹಾಕಿದರೆ ಉತ್ತರವಿಲ್ಲ. ವಾಟ್ಸಾಪಿನಲ್ಲಿ ಬರೆದರೆ “ನೋಟೆಡ್ ಸರ್”, ಪಕ್ಕದಲ್ಲಿ ಕೈ ಮುಗಿದ ಚಿತ್ರ. ಮೇಂಟೆನೆನ್ಸ್ ಕಟ್ಟುವುದು ಎರಡು ದಿನ ತಡವಾಗಲಿ, ಆಗ ನೋಡಬೇಕು ಅವರ ಚುರುಕು!

ಕೊನೆಗೆ ಹೆಂಡತಿ, “ನೀವೇ ಹೋಗಿ ಮುಖಕ್ಕೆ ಹೊಡೆದ ಹಾಗೆ ಹೇಳಿ ಬನ್ನಿ” ಎಂದು ಅಟ್ಟಿದಳು. ಮೆಟ್ಟಿಲ ತಿರುವಿನವರೆಗೆ ನಾನು ಸಾಕ್ಷಾತ್ ದೂರ್ವಾಸ. ಬೆಲ್ ಒತ್ತುವಾಗಲೇ ಅರ್ಧ ಇಳಿದಿದ್ದೆ. ಬಾಗಿಲು ತೆರೆದ ಹುಡುಗಿ, “ಅಯ್ಯೋ ಅಂಕಲ್, ಬನ್ನಿ ಬನ್ನಿ! ನಾವೇ ನಿಮ್ಮನೆಗೆ ಬರೋಣ ಅಂತಿದ್ವಿ” ಎಂದಾಗ ಮಿಕ್ಕ ಅರ್ಧವೂ ಇಳಿಯಿತು.

ಅವರದ್ದು ಕೊನೆಯ ಮಹಡಿ. ತಲೆಯ ಮೇಲೆ ಟೆರೇಸು, ಟೆರೇಸಿನಲ್ಲಿ ಪ್ರೆಷರ್ ಪಂಪು. ಕಟ್ಟಡದಲ್ಲಿ ಯಾರು ನಲ್ಲಿ ತಿರುಗಿಸಿದರೂ ಅದು ಗೊರ್ ಎನ್ನುತ್ತದೆ. “ನಮ್ಮತ್ತೆಗೆ ನಿದ್ದೇನೇ ಇಲ್ಲ ಅಂಕಲ್. ರಾತ್ರಿ ಎದ್ದು ಕತ್ತಲಲ್ಲೇ ಅಡುಗೆಮನೇಲಿ ನೀರು ಹುಡುಕ್ತಾರೆ. ಕೈ ತಾಗಿ ಏನಾದ್ರೂ ಬಿದ್ರೆ ಬಗ್ಗಿ ಎತ್ತೋಕೂ ಆಗಲ್ಲ, ಮಂಡಿನೋವು.”

ನಾನು ಗಾಳಿಯಲ್ಲಿ ಮೆಟ್ಟುತ್ತಿದ್ದ ತಟ್ಟೆಯ ಒಡತಿ ಸೋಫಾದಲ್ಲಿ ಕೂತು, “ಚೆನ್ನಾಗಿದ್ದೀರಾಪ್ಪಾ?” ಅಂದರು. “ಚೆನ್ನಾಗಿದ್ದೀನಮ್ಮ” ಅಂದೆ. ಬೇರೇನು ಹೇಳಲಿ?

ಅಸೋಸಿಯೇಷನ್ನಿಗೆ ಅವರು ಬರೆದಿಟ್ಟಿದ್ದ ಅರ್ಜಿ ಮುಂದೆ ಬಂತು. ನೋಡಿದರೆ ಒಕ್ಕಣೆ ಬಹಳ ಸಪ್ಪೆ. ಜಗಳ ನನಗೆ ಬರದಿರಬಹುದು, ಅರ್ಜಿ ಬರುತ್ತದೆ. “ವಿನಂತಿ” ಇದ್ದಲ್ಲಿ “ಆಗ್ರಹ” ಹಾಕಿದೆ. 45 ಡೆಸಿಬಲ್ ಸೇರಿಸಿದೆ. ಪಂಪಿನಡಿಗೆ ರಬ್ಬರ್ ಪ್ಯಾಡ್ ಹಾಕಿಸಿ ಎಂದು ಪರಿಹಾರವನ್ನೂ ಸೂಚಿಸಿ, ಎಲ್ಲರಿಗಿಂತ ಮೊದಲು ಸಹಿ ಹಾಕಿ, ಕೋಡುಬಳೆಯ ಡಬ್ಬಿ ಹಿಡಿದು ಇಳಿದೆ.

“ಹೇಳಿದ್ರಾ?”

“ಬರೆದೇ ಕೊಟ್ಟೆ.”

ಹೆಂಡತಿ ಕಣ್ಣರಳಿಸಿದಳು. ಏನು ಬರೆದೆನೆಂದು ತಿಳಿದ ಮೇಲೆ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಆಶ್ಚರ್ಯವೆಂದರೆ ಈ ಸಲ ಅಸೋಸಿಯೇಷನ್ನಿನಿಂದ ಉತ್ತರ ಬಂತು, ಅದೂ ಆ ವಾರದಲ್ಲೇ. ರಬ್ಬರ್ ಪ್ಯಾಡಿಗೆ ಕೊಟೇಶನ್ ತರಿಸಲಾಗಿದೆಯಂತೆ. ಖರ್ಚನ್ನು ಅರ್ಜಿಗೆ ಸಹಿ ಹಾಕಿದವರಲ್ಲಿ ಸಮನಾಗಿ ಹಂಚಿ ಮುಂದಿನ ತಿಂಗಳ ಮೇಂಟೆನೆನ್ಸ್ ಬಿಲ್ಲಿಗೆ ಸೇರಿಸುತ್ತಾರಂತೆ.