ಅಳಿಯಂದಿರೂ ಸೀಡರ್ ತೊಟ್ಟಿಯೂ

ಅಳಿಯಂದಿರಲ್ಲಿ ಒಂದು ಜಾತಿ ಇದೆ. ಇವರಿಗೆ ಹಬ್ಬಕ್ಕೆ ಉಂಗುರ ಬೇಡ, ರೇಷ್ಮೆ ಪಂಚೆ ಬೇಡ, ಪಾಯಸಕ್ಕೆ ಗೋಡಂಬಿ ಕಡಿಮೆಯಾದರೂ ಮುನಿಸಿಲ್ಲ. ಕೈಗೊಂದು ಸ್ಪ್ಯಾನರ್ ಕೊಟ್ಟು, ಎದುರಿಗೆ ಇನ್ನೂ ಬಿಚ್ಚದ ಪೆಟ್ಟಿಗೆ ಒಂದನ್ನು ಇಟ್ಟರೆ ಸಾಕು. ನಮ್ಮ ಅಳಿಯಂದಿರು ಆ ಪೈಕಿ. ಅಮೆರಿಕದ ಆರೆಗನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡಿಗೆ ತಾಗಿಕೊಂಡ ಬೀವರ್ಟನ್ನಿನಲ್ಲಿದ್ದಾರೆ. ಹುಟ್ಟಿ ಬೆಳೆದದ್ದು ಬೆಂಗಳೂರಿನ ಜಯನಗರ. ಅಲ್ಲಿದ್ದಾಗ ಬಲ್ಬು ಹೋದರೂ ಎಲೆಕ್ಟ್ರಿಷಿಯನ್‌ಗೆ ಫೋನು ಮಾಡುತ್ತಿದ್ದರಂತೆ. ಬೀಗಿತ್ತಿಯೇ ಹೇಳಿದ ಮಾತಿದು. ಅಮೆರಿಕದಲ್ಲಿ ಕೂಲಿ ದುಬಾರಿ ನೋಡಿ. ದುಡ್ಡು ಉಳಿಸಲಿಕ್ಕೆಂದು ಶುರುವಾದ ಕೈಕೆಲಸ, ಈಗ ಅವರ ದುಡ್ಡು ಖಾಲಿಯಾಗುವ ಮುಖ್ಯ ದಾರಿಯಾಗಿದೆ.

ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ನೇರಳೆ ದೀಪದ ಕೆಳಗೆ ಒಂದು ಕರಿಬೇವಿನ ಗಿಡ ನಿಂತಿದೆ. ಅದಕ್ಕೆ ಹೊತ್ತು ಹೊತ್ತಿಗೆ ನೀರು ಬಿಡುವ ಯಂತ್ರ, ಚಳಿಯಾದರೆ ಫೋನಿಗೆ ಸಂದೇಶ ಕಳಿಸುವ ಇನ್ನೊಂದು ಯಂತ್ರ. ಒಗ್ಗರಣೆಗೆ ನಾಲ್ಕು ಎಲೆ ಕೀಳಬೇಕಾದರೂ ನನ್ನ ಮಗಳು ಗಂಡನ ಮುಖ ನೋಡುತ್ತಾಳೆ. ನಾನೂ ನನ್ನ ಹೆಂಡತಿಯೂ ಆಗಸ್ಟಿನಲ್ಲಿ ಆರು ತಿಂಗಳಿಗೆಂದು ಹೋಗಿಳಿದ ದಿನ, ಆ ಗಿಡದ ಪಕ್ಕದಲ್ಲಿ ಉದ್ದುದ್ದ ಹಲಗೆಗಳ ಕಟ್ಟು ಕಂಡಿತು.

"ಮಾವ, ಇದು ಹಾಟ್ ಟಬ್. ಬಿಸಿನೀರಿನ ಮರದ ತೊಟ್ಟಿ. ನಾವೇ ಜೋಡಿಸೋದು."

ಆ 'ನಾವೇ' ಅನ್ನುವುದು ನನಗೆ ಅಷ್ಟಾಗಿ ಹಿಡಿಸಲಿಲ್ಲ. ಮರ ಮೂಸಿ ನೋಡಿ, ಏನಾದರೂ ಹೇಳಬೇಕಲ್ಲ ಅಂತ "ದೇವದಾರು" ಅಂದೆ. ಅಲ್ಲವಂತೆ. ಸೀಡರ್ ಅಂತ ಕರೆಯುವುದೇ ತಪ್ಪಂತೆ. ಇದು ಸೈಪ್ರೆಸ್ ಕುಟುಂಬದ ಮರ, ಸಸ್ಯಶಾಸ್ತ್ರದಲ್ಲಿ ಥೂಜಾ ಪ್ಲಿಕೇಟಾ. ಆ ಕರಾವಳಿಯ ಮೂಲನಿವಾಸಿಗಳು ಇದರ ಬೊಡ್ಡೆ ಕೊರೆದೇ ದೋಣಿ ಮಾಡುತ್ತಿದ್ದರು, ಮರದೊಳಗಿನ ಎಣ್ಣೆಯಿಂದಾಗಿ ಬೇಗ ಕೊಳೆಯುವುದಿಲ್ಲ ಅಂತೆಲ್ಲ ನಿಂತಲ್ಲೇ ಪಾಠವಾಯಿತು. ತೊಟ್ಟಿಯ ವಂಶಾವಳಿಯೂ ಬಂತು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಕಡೆಯವರು ವೈನ್ ತಯಾರಕರು ಬಿಸಾಡಿದ ಹಳೇ ಪೀಪಾಯಿಗಳಿಗೆ ಬಿಸಿನೀರು ತುಂಬಿ ಕೂರಲು ಶುರುಮಾಡಿದ್ದು, ಅದಕ್ಕೂ ಮೊದಲೇ ಕ್ಯಾಂಡಿಡೋ ಜಕೂಜಿ ಎಂಬವರು ಸಂಧಿವಾತದಿಂದ ನರಳುತ್ತಿದ್ದ ತಮ್ಮ ಮಗನಿಗಾಗಿ ಮನೆಯ ಸ್ನಾನದ ತೊಟ್ಟಿಗೇ ಇಳಿಬಿಡುವ ಪಂಪು ಮಾಡಿದ್ದು, ಜಪಾನಿನವರ ಬಿಸಿನೀರಿನ ತೊಟ್ಟಿ ಒಫುರೊ. ವಿಮಾನದಲ್ಲಿ ಇಡೀ ದಿನ ಕೂತು ಬಂದಿದ್ದ ನನ್ನ ಹೆಂಡತಿ "ಕಾಫಿ ಕುಡಿದು ಜಕೂಜಿ ಕೇಳೋಣವೇ?" ಅಂದಳು.

ತೊಟ್ಟಿ ಬರುವ ಮುಂಚೆಯೇ ಹಿತ್ತಲಿನಲ್ಲಿ ನಾಲ್ಕಿಂಚು ದಪ್ಪದ ಕಾಂಕ್ರೀಟು ಹಾಸಾಗಿತ್ತು. ಬೇಲಿಯಾಚೆಗೆ ತೊಟ್ಟಿ ಕಾಣಬಾರದೆಂದು ಬಡಾವಣೆಯ ಸಂಘದವರು ಮೂರು ಕಾಗದ ಬರೆದಿದ್ದರು. ಕಾಂಕ್ರೀಟು ತಡೆಯುತ್ತದೆಯೇ ಎಂಬ ಲೆಕ್ಕ ಮಾತ್ರ ಬಾಕಿ. ಆರಡಿ ಅಗಲದ ತೊಟ್ಟಿ, ಹಿಡಿಯುವ ನೀರು ಸುಮಾರು 2,200 ಲೀಟರ್, ಅಂದರೆ 2,200 ಕೆ.ಜಿ. ಮೇಲೆ ಮರದ ಭಾರ. ಅದರ ಮೇಲೆ ಜನ. ರಾತ್ರಿ ಊಟದ ಹೊತ್ತಿಗೆ ಅಳಿಯಂದಿರು ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡೇ ಕೇಳಿದರು: "ಅತ್ತೆ, ನಿಮ್ಮ ತೂಕ ಎಷ್ಟು?"

ಮಗಳು ಸಾರಿನ ಸೌಟನ್ನು ಗಾಳಿಯಲ್ಲೇ ಹಿಡಿದು ನಿಂತಳು. ಮದುವೆಯಾಗಿ ಮೂವತ್ತೆಂಟು ವರ್ಷವಾದರೂ ನನಗೇ ತಿಳಿಯದ ಅಂಕಿ ಅದು. "ನಾನೇನೂ ಅದರೊಳಗೆ ಇಳಿಯೋದಿಲ್ಲ, ಹಾಕ್ಕೊಳ್ಳಿ ಸೊನ್ನೆ" ಅಂದಳು ನನ್ನ ಹೆಂಡತಿ. ಅಳಿಯಂದಿರು ಸೊನ್ನೆ ಹಾಕುವವರಲ್ಲ. ಪಕ್ಕಕ್ಕೆ ತಿರುಗಿ ಒಂದು ಅಂದಾಜು ಬರೆದರು. ನಾನು ಇಣುಕಿದೆ. ಅದನ್ನು ಇಲ್ಲಿ ಬರೆದರೆ ನನಗೆ ನಾಳೆ ಊಟವಿಲ್ಲ.

ಸೆಪ್ಟೆಂಬರಿನ ಮೊದಲ ಸೋಮವಾರ ಅಲ್ಲಿ ಕಾರ್ಮಿಕರ ದಿನ. ಶನಿವಾರ, ಭಾನುವಾರ ಸೇರಿ ಮೂರು ದಿನ ರಜೆ, ಊರಿಗೆ ಊರೇ ಕೆಲಸ ಬಿಟ್ಟು ಕೂತಿರುತ್ತದೆ. ನಾನೂ ಅಳಿಯಂದಿರೂ ಮಾತ್ರ ಕೂರಲಿಲ್ಲ. ಒಂದೇ ದಿನದ ಕೆಲಸ ಅಂತ ತೊಟ್ಟಿಯ ಜೊತೆ ಬಂದ ಪುಸ್ತಕದಲ್ಲಿ ಬರೆದಿತ್ತಂತೆ. ಮೊದಲ ದಿನ ಪುಸ್ತಕ ಓದಿದ್ದೇ ಆಯಿತು.

ನಿಜ ಹೇಳಬೇಕೆಂದರೆ ಆ ತೊಟ್ಟಿ ಕಟ್ಟುವ ಕ್ರಮ ನೋಡಿ ನನಗೆ ಬೆರಗಾಯಿತು. ಮೊಳೆಯಿಲ್ಲ, ಅಂಟಿಲ್ಲ. ಕೆಳಗೆ ಸಾಲಾಗಿ ತೊಲೆ, ಅದರ ಮೇಲೆ ದುಂಡಗೆ ಕೊಯ್ದ ತಳದ ಹಲಗೆಗಳು. ಸುತ್ತ ನಿಲ್ಲುವ ಒಂದೊಂದು ಹಲಗೆಗೂ ಬುಡದ ಹತ್ತಿರ ಕಚ್ಚು ತೆಗೆದಿರುತ್ತದೆ. ತಳದ ಅಂಚನ್ನು ಆ ಕಚ್ಚಿನೊಳಗೆ ಕೂರಿಸಿ, ರಬ್ಬರ್ ಸುತ್ತಿಗೆಯಲ್ಲಿ ಹದವಾಗಿ ಬಡಿಯುತ್ತ ಬರಬೇಕು. ಹಲಗೆಯ ಬುಡ ನೆಲಕ್ಕೆ ತಾಗಕೂಡದು, ಭಾರವೆಲ್ಲ ತೊಲೆಯ ಮೇಲೆಯೇ. ನಲವತ್ತಕ್ಕೂ ಮಿಕ್ಕಿದ ಹಲಗೆಗಳು. ಸುತ್ತು ಮುಗಿದ ಮೇಲೆ ಉಕ್ಕಿನ ಬಳೆ ತೊಡಿಸಿ, ನಟ್ಟು ತಿರುಗಿಸಿ ಬಿಗಿಯಬೇಕು.

ಕಷ್ಟವಿರುವುದು ಬಳೆ ಬೀಳುವ ತನಕ. ಇಪ್ಪತ್ತೇಳನೆಯ ಹಲಗೆ ಬಡಿಯುವಾಗ ಮೂರನೆಯದು ವಾಲಿತು. ಮೂರನೆಯದನ್ನು ಹಿಡಿಯಲು ಅಳಿಯಂದಿರು ಸುತ್ತಿ ಬರುವಷ್ಟರಲ್ಲಿ ಉಳಿದವು ನಮ್ಮೂರಿನ ಪಂಚಾಯತಿಯಲ್ಲಿ ಅವಿಶ್ವಾಸ ಗೊತ್ತುವಳಿಗೆ ಸದಸ್ಯರು ಉರುಳಿದಂತೆ ಒಂದರ ಹಿಂದೊಂದು ಬಿದ್ದವು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಎರಡನೇ ಸಲಕ್ಕೆ ನನ್ನನ್ನು ನಡುವೆ ನಿಲ್ಲಿಸಿ ಎರಡೂ ಕೈ ಅಗಲಿಸಿ ಹಲಗೆಗಳನ್ನು ಹಿಡಿಯಲು ಹೇಳಿದರು. ಸುತ್ತು ಮುಗಿದು ಬಳೆ ಬಿದ್ದ ಮೇಲೆ ನಾನು ಒಳಗೇ ಉಳಿದಿದ್ದೆ. ನಾಲ್ಕಡಿ ಎತ್ತರ, ಮೆಟ್ಟಿಲು ಇನ್ನೂ ಪೆಟ್ಟಿಗೆಯಲ್ಲೇ ಇತ್ತು. ಚಹಾ ಒಳಕ್ಕೇ ಬಂತು.

ನೀರು ತುಂಬಿದ ಸಂಜೆ ತೊಟ್ಟಿ ಹತ್ತು ಕಡೆ ಸೋರಿತು. ಅಳಿಯಂದಿರು ಬಿಳಿಚಿಹೋದರು. ಕಂಪ್ಯೂಟರಿನಲ್ಲಿ ದಿನಕ್ಕೆ ಹತ್ತು ದೋಷ ಹಿಡಿದು ಸರಿಮಾಡುವ ಮನುಷ್ಯ, ಹಲಗೆಯ ಸಂದಿಯಲ್ಲಿ ಇಣುಕಿದ ಹನಿಯ ಎದುರು ಕುಕ್ಕರಗಾಲಲ್ಲಿ ಕೂತುಬಿಟ್ಟರು. ಆಗ ನಾನು ಬಾಯಿ ಬಿಟ್ಟೆ. ಬೇಸಿಗೆಯಲ್ಲಿ ಗಾಡಿಯ ಚಕ್ರ ಒಣಗಿ ಸಡಿಲವಾದರೆ ನಮ್ಮ ಕಡೆ ಅದನ್ನು ಕೆರೆಯಲ್ಲಿ ನೆನೆಹಾಕುತ್ತಿದ್ದರು. ಮರ ನೀರು ಕುಡಿದು ಉಬ್ಬಿ ತಾನೇ ಬಿಗಿಯುತ್ತದೆ. ಇದೂ ಅಷ್ಟೇ, ಎರಡು ದಿನ ಸುಮ್ಮನಿರಿ ಅಂದೆ. ಅವರು ಪುಸ್ತಕ ತಿರುವಿ ನೋಡಿದರು. ಅದೇ ಬರೆದಿತ್ತು. ಮಾವನ ಮೇಲೆ ಅವರಿಗೆ ಗೌರವ ಬಂದದ್ದು ಆ ದಿನ, ಪುಸ್ತಕ ಒಪ್ಪಿದ ಮೇಲೆ. ಆದರೂ ಸುಮ್ಮನಿರಲಿಲ್ಲ. ರಾತ್ರಿ ಟಾರ್ಚು ಹಿಡಿದು ಹೋಗಿ ಸೋರುವ ಒಂದೊಂದು ಜಾಗದಲ್ಲೂ ನಿಮಿಷಕ್ಕೆ ಎಷ್ಟು ಹನಿ ಎಂದು ಎಣಿಸಿ ಎಕ್ಸೆಲ್ಲಿಗೆ ಹಾಕಿದರು. ಮೂರನೇ ದಿನಕ್ಕೆ ಹನಿ ನಿಂತಿತು. ನೀರು ಮಾತ್ರ ಕಂದಾಗಿತ್ತು. ಹೊಸ ಮರದ ಚೊಗರು ಬಿಟ್ಟುಕೊಂಡದ್ದು. "ಡಿಕಾಕ್ಷನ್ ಹದವಾಗಿ ಇಳಿದಿದೆ" ಅಂತ ನನ್ನ ಹೆಂಡತಿ ಸರ್ಟಿಫಿಕೇಟು ಕೊಟ್ಟಳು. 2,200 ಲೀಟರ್ ಹೊರಗೆ ಚೆಲ್ಲಿ ಮತ್ತೆ 2,200 ಲೀಟರ್.

ಕಾಯಿಸುವ ಲೆಕ್ಕ ಕೇಳಿ. ನಲ್ಲಿಯ ತಣ್ಣೀರು 40 ಡಿಗ್ರಿಗೆ ಬರಲು ಹತ್ತಿರ ಹತ್ತಿರ ಹನ್ನೆರಡು ಗಂಟೆ, 64 ಯೂನಿಟ್ ಕರೆಂಟು. ನಮ್ಮ ಗೃಹಜ್ಯೋತಿಯ 200 ಯೂನಿಟ್ಟಿನಲ್ಲಿ ಮೂರು ಸಲ ಕಾಯಿಸಿ ಎಂಟು ಯೂನಿಟ್ ಉಳಿಸಬಹುದು. ಸಾಗರದ ಹತ್ತಿರ ನಮ್ಮ ಮನೆಯ ಬಚ್ಚಲಲ್ಲಿ ಅಡಿಕೆ ಸಿಪ್ಪೆ ತುರುಕಿದರೆ ಹಂಡೆ ಅರ್ಧ ಗಂಟೆಯಲ್ಲಿ ಕುದಿಯುತ್ತದೆ ಅಂದೆ. "ಎಷ್ಟು ಲೀಟರ್ ಮಾವ? ಎಷ್ಟು ಡಿಗ್ರಿ?" ಅಂತ ಕೇಳಿದರು. ಹಂಡೆಯ ಲೀಟರನ್ನು ನಮ್ಮ ವಂಶದಲ್ಲಿ ಯಾರೂ ಅಳೆದಿಲ್ಲ.

ಇಲ್ಲಿಂದ ಮುಂದೆ ತೊಟ್ಟಿಯ ನಿತ್ಯಪೂಜೆ. ಉಪನಯನವಾದ ವರ್ಷವೇ ಮಗ ಸಂಧ್ಯಾವಂದನೆ ಬಿಟ್ಟ ಅಂತ ಬೀಗರು ನನ್ನಲ್ಲಿ ನೊಂದುಕೊಂಡಿದ್ದರು. ಬೀಗರು ಈಗ ಬಂದು ನೋಡಬೇಕು. ಬೆಳಗ್ಗೆ ಆರಕ್ಕೆ, ಆಫೀಸಿನಿಂದ ಬಂದೊಡನೆ, ಮಲಗುವ ಮುಂಚೆ, ಹೀಗೆ ತ್ರಿಕಾಲ. ಮಳೆಯಿರಲಿ ಮಂಜಿರಲಿ, ಕಾಗದದ ಪಟ್ಟಿಯೊಂದನ್ನು ನೀರಿಗದ್ದಿ, ಬಾಯಲ್ಲೇ ಹದಿನೈದು ಎಣಿಸಿ, ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಿ ನೋಡುತ್ತಾರೆ. ಪಿಎಚ್ 7.2ರಿಂದ 7.8ರೊಳಗೆ ಇರಬೇಕು. ಕ್ಲೋರಿನ್ 3 ಪಿಪಿಎಂಗಿಂತ ಇಳಿಯಬಾರದು. ಇಳಿದರೆ ಬಿಸಿನೀರಲ್ಲಿ ರೋಗಾಣು ಹುಟ್ಟಿ ಮೈಮೇಲೆ ಗಂಧೆ, ಅದಕ್ಕಿಂತ ಕೆಟ್ಟದ್ದೆಂದರೆ ಲೀಜಿಯೊನೆಲ್ಲಾ ಎದೆಗೆ ಇಳಿಯುತ್ತದೆ. ಹಾಗಂತ ಕ್ಲೋರಿನ್ ಸುರಿಯುವಂತೆಯೂ ಇಲ್ಲ, ಮರ ಬೆಳ್ಳಗಾಗಿ ನಾರು ನಾರು ಏಳುತ್ತದೆ. ಅಲ್ಕಲಿನಿಟಿ ಕಡಿಮೆಯಾದರೆ ಅಡುಗೆ ಸೋಡ. ನನ್ನ ಹೆಂಡತಿ ಮೈಸೂರು ಬೋಂಡಾಕ್ಕೆಂದು ಸೋಡದ ಡಬ್ಬಿ ಹುಡುಕಿದ ದಿನ ಅದು ಖಾಲಿ. "ತೊಟ್ಟಿ ಬೋಂಡಾ ತಿಂದಿದೆ" ಅಂದಳು ಮಗಳು.

ನನ್ನ ಹೆಂಡತಿಗೆ ಇನ್ನೊಂದು ಆಕ್ಷೇಪವೂ ಇತ್ತು. ಒಬ್ಬರು ಮಿಂದ ನೀರಿನಲ್ಲಿ ಇನ್ನೊಬ್ಬರು ಇಳಿಯುವುದು ಎಂದರೇನು? ಅದೂ ಮೂರು ನಾಲ್ಕು ತಿಂಗಳು ಅದೇ ನೀರು? "ಅದಕ್ಕೇ ಅತ್ತೆ, ಮೊದಲು ಒಳಗೆ ಸೋಪು ಹಚ್ಚಿ ಸ್ನಾನ ಮಾಡಿಕೊಂಡು ಇದಕ್ಕೆ ಇಳೀಬೇಕು." ಮಿಂದವರು ಮೀಯಲು ಹೋಗುವ ಜಾಗ ಎಂಬುದು ಅವಳ ತಲೆಗೆ ಕೊನೆಗೂ ಹೋಗಲಿಲ್ಲ.

ಅಕ್ಟೋಬರಿನಲ್ಲಿ ನೀರು ತುಂಬುವ ಹಬ್ಬ ಬಂತು. ಊರಲ್ಲಿ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹಿಂಡಲೆಕಾಯಿ ಬಳ್ಳಿ ಸುತ್ತುವ ಸಂಜೆ. ಬೀವರ್ಟನ್ನಿನಲ್ಲಿ ಹಿಂಡಲೆಕಾಯಿ ಎಲ್ಲಿ? ಭಾರತೀಯರ ಅಂಗಡಿಯ ಚೆಂಡುಹೂವಿನ ಮಾಲೆಯನ್ನೇ ನನ್ನ ಹೆಂಡತಿ ತೊಟ್ಟಿಯ ಉಕ್ಕಿನ ಬಳೆಗೆ ಸಿಕ್ಕಿಸಿ, ಅರಿಸಿನ ಕುಂಕುಮ ಇಟ್ಟಳು. ಅರಿಸಿನ ನೀರಿಗೆ ಬೀಳದಂತೆ ಅಳಿಯಂದಿರು ಮುಚ್ಚಳ ಹಿಡಿದು ನಿಂತಿದ್ದರು. ಮರುದಿನ ನಸುಕಿನಲ್ಲಿ ನಾನು ನೆತ್ತಿಗೆ, ಮೈಗೆ ಹರಳೆಣ್ಣೆ ಹಚ್ಚಿಸಿಕೊಂಡು, ಪಂಚೆ ಕಟ್ಟಿ, ಹಿಂಬಾಗಿಲ ಕಡೆ ಹೆಜ್ಜೆ ಇಟ್ಟೆ.

"ಮಾವಾ!"

ಆ ದನಿಯನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಎಣ್ಣೆ ಬಿದ್ದರೆ ನೊರೆ ಏಳುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಮರ ಜಿಡ್ಡು ಹೀರುತ್ತದೆ. ಸೀಗೆಪುಡಿಯ ಮಾತು ಎತ್ತುವುದೇ ಬೇಡ. "ಅಭ್ಯಂಜನಕ್ಕಿಲ್ಲದ ಹಂಡೆಗೆ ನಾನು ಯಾಕೆ ಕುಂಕುಮ ಇಟ್ಟೆ?" ಅಂತ ನನ್ನ ಹೆಂಡತಿ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಒಳಗಿನ ಬಚ್ಚಲಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ ನಿಂತು, ಮಳೆಹನಿಯಂಥ ನೀರಿನಲ್ಲಿ ನನ್ನ ನರಕ ಚತುರ್ದಶಿ ನಡೆಯಿತು. ಎಣ್ಣೆ ಇನ್ನೂ ಬಿಟ್ಟಿಲ್ಲ ಅನಿಸುತ್ತದೆ.

ಹಾಗೆಂದು ನಾನು ತೊಟ್ಟಿಗೆ ಇಳಿಯಲೇ ಇಲ್ಲ ಅಂತಲ್ಲ. ನವೆಂಬರಿನ ಒಂದು ರಾತ್ರಿ, ನಮ್ಮೂರಿನ ಶ್ರಾವಣದಂತೆ ಜಿಟಿಜಿಟಿ ಹಿಡಿದಿತ್ತು. ಅಳಿಯಂದಿರು ನನ್ನ ಬಿಪಿ ನೋಡಿ, ಬರೆದುಕೊಂಡು, ಕೈಹಿಡಿದು ಇಳಿಸಿದರು. ಕೊರಳ ತನಕ ಬಿಸಿನೀರು, ಬೋಳುತಲೆಯ ಮೇಲೆ ತಣ್ಣನೆ ಹನಿ, ಬೆನ್ನಿಗೆ ನುಣ್ಣನೆಯ ಮರ, ಒದ್ದೆ ಹಲಗೆಯಿಂದ ಹೊಸ ಪೆನ್ಸಿಲ್ ಜೀವಿದಂಥ ಪರಿಮಳ. ಇಬ್ಬರೂ ಮಾತಾಡಲಿಲ್ಲ. ಮಗಳ ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನಾವಿಬ್ಬರು ಮಾತಿಲ್ಲದೆ ಸುಖವಾಗಿ ಕೂತದ್ದು ಅದೇ ಮೊದಲು. ಹದಿನೈದು ನಿಮಿಷಕ್ಕೆ ಗಂಟೆ ಬಾರಿಸಿತು, ವಯಸ್ಸಾದವರಿಗೆ ಅಷ್ಟೇ. ಏಳುವಾಗ ನೋಡುತ್ತೇನೆ, ಅವರ ಕೈಯಲ್ಲಿ ಕಾಗದದ ಪಟ್ಟಿ. ನಾನು ಇಳಿದದ್ದರಿಂದ ಪಿಎಚ್ ಎಷ್ಟು ಬದಲಾಯಿತು ಅಂತ ನೋಡುತ್ತಿದ್ದರು. ವರ್ಷಗಳಿಂದ ಕಾಡುತ್ತಿದ್ದ ನನ್ನ ಸೊಂಟನೋವು ಅವತ್ತು ರಾತ್ರಿ ಇರಲಿಲ್ಲ. ಹೇಳಿದರೆ ಅದನ್ನೂ ಎಕ್ಸೆಲ್ಲಿಗೆ ಹಾಕುತ್ತಾರೆಂದು ಬಾಯಿಬಿಡಲಿಲ್ಲ.

ಆ ಎಕ್ಸೆಲ್ಲಿನ ಪ್ರಕಾರ, ನಾವಿದ್ದಷ್ಟು ದಿನದಲ್ಲಿ ಮೊಮ್ಮಗಳೂ ಅವಳ ಗೆಳತಿಯರೂ ಇಳಿದದ್ದು ಮೂವತ್ತೊಂದು ಸಲ, ಮಗಳು ಒಂಬತ್ತು, ನಾನು ಆರು. ಅಳಿಯಂದಿರು ನಾಲ್ಕು. ಅವರಿಗೆ ಪುರುಸೊತ್ತೆಲ್ಲಿ? ನೀರು ನೋಡಿಕೊಳ್ಳಬೇಕಲ್ಲ.

ನಾವು ಫೆಬ್ರವರಿಯಲ್ಲಿ ಊರಿಗೆ ಬಂದೆವು. ಏಪ್ರಿಲಿನಲ್ಲಿ ಇಲ್ಲಿ ತಮ್ಮನ ಮಗನ ಮದುವೆ. ಬನ್ನಿ ಅಂತ ಫೋನು ಮಾಡಿದರೆ ಅಳಿಯಂದಿರು ತೊದಲುತ್ತಾರೆ. ಮೂರು ವಾರ ಹಾಗೇ ಬಿಟ್ಟರೆ ನೀರು ಕೆಡುತ್ತದೆ. ಖಾಲಿ ಮಾಡಿ ಬಂದರೆ ಮರ ಒಣಗಿ ಹಲಗೆ ಬಾಯಿ ಬಿಡುತ್ತದೆ. ನಮ್ಮಲ್ಲಿ ಕರೆಯುವ ಹಸು ಕಟ್ಟಿಕೊಂಡವರು ಮದುವೆಗೆ ಬಂದರೂ ಹೋಳಿಗೆ ಊಟ ಮುಗಿಸಿ ಸಂಜೆಗೆ ಎದ್ದು ಹೊರಡುತ್ತಾರೆ, ಹಸು ಕೂಗುತ್ತದೆ ಅಂತ. ನಾಲ್ಕು ತಲೆಮಾರಿನ ಹಿಂದೆ ಹಸು ಮಾರಿ ಪೇಟೆ ಸೇರಿದ ಮನೆತನದವರು ಇವರು. ಅಷ್ಟು ದೂರ ಹೋಗಿ ಹಾಲು ಕೊಡದ ಒಂದನ್ನು ಕಟ್ಟಿಕೊಂಡಿದ್ದಾರೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಪೈಕಿಯವರು ಯಾರಾದರೂ ಏಪ್ರಿಲಿನಲ್ಲಿ ಬೀವರ್ಟನ್ ಕಡೆ ಇರುವುದಾದರೆ, ಮೂರು ವಾರ ನಮ್ಮ ಅಳಿಯಂದಿರ ಮನೆಯಲ್ಲಿ ಉಳಿದು ಹೊತ್ತು ಹೊತ್ತಿಗೆ ಕಾಗದ ಅದ್ದಿ ನೋಡಲು ಒಪ್ಪುವುದಾದರೆ, ದಯವಿಟ್ಟು ತಿಳಿಸಿ. ಮಾಡಬೇಕಾದ್ದನ್ನೆಲ್ಲ ಹದಿನಾಲ್ಕು ಪುಟದಲ್ಲಿ ಬರೆದಿಟ್ಟಿದ್ದಾರೆ. ಊಟ ಮಗಳು ಫ್ರೀಜರಿನಲ್ಲಿ ಇಟ್ಟು ಬರುತ್ತಾಳೆ. ತೂಕ ಕೇಳಿದರೆ ಬೇಸರಪಡಬೇಡಿ. ಎಣ್ಣೆ ಹಚ್ಚಿಕೊಂಡು ಮಾತ್ರ ಇಳಿಯಬೇಡಿ.