ಗೆದ್ದೆತ್ತಿನ ಬಾಲ, ಸೋತೆತ್ತಿನ ಸಗಣಿ

ಬಿ.ಎಸ್. ಯಡಿಯೂರಪ್ಪನವರಲ್ಲಿ ಈ ನಾಡು ಒಂದು ಕ್ಷಮೆ ಕೇಳುವುದು ಬಾಕಿ ಇದೆ. 2019ರ ಫೆಬ್ರುವರಿ 26ರ ನಸುಕಿನಲ್ಲಿ ನಮ್ಮ ವಾಯುಪಡೆ ಪಾಕಿಸ್ತಾನದ ಬಾಲಾಕೋಟ್ ಮೇಲೆ ದಾಳಿ ಮಾಡಿತು. ಮರುದಿನ ಚಿತ್ರದುರ್ಗದಲ್ಲಿ ಅವರು, ಈ ದಾಳಿಯಿಂದ ಮೋದಿ ಅಲೆ ಎದ್ದಿದೆ, ರಾಜ್ಯದ 28 ಲೋಕಸಭಾ ಸ್ಥಾನಗಳಲ್ಲಿ ಬಿಜೆಪಿಗೆ 22ಕ್ಕೂ ಹೆಚ್ಚು ಬರುತ್ತದೆ ಎಂದುಬಿಟ್ಟರು. ಎಲ್ಲರೂ ಮೈಮೇಲೆ ಬಿದ್ದರು. ಕೇಂದ್ರ ಸಚಿವ ವಿ.ಕೆ. ಸಿಂಗ್ ಅವರೇ ಈ ಮಾತು ಒಪ್ಪಲಾರೆ ಎಂದರು. ನನ್ನ ಮಾತು ತಿರುಚಿದ್ದಾರೆ ಎಂದು ಯಡಿಯೂರಪ್ಪ ಹಿಂದೆ ಸರಿದರು. ಮೇ 23ರಂದು ಎಣಿಸಿ ನೋಡಿದರೆ 25. ಪಾಪ, ಮನುಷ್ಯ ಸಂಕೋಚದಿಂದ ಕಡಿಮೆಯೇ ಹೇಳಿದ್ದರು.

ಬೈದದ್ದು ಅವರನ್ನು, ಸೀಟು ಕೊಟ್ಟದ್ದು ನಾವು.

ಮಾಗಡಿ ರಸ್ತೆಗೂ ವಿಜಯನಗರಕ್ಕೂ ನಡುವೆ ಮೆಟ್ರೊ ನಿಲ್ಲುವ ನಮ್ಮ ಹೊಸಹಳ್ಳಿಯಲ್ಲಿ ಈ ಮಾತೆತ್ತಿ ನೋಡಿ. ‘ಅಯ್ಯೋ ಬಿಡಿ ಸಾರ್, ನಾವೇನು ಬಾಂಬ್ ಹಾಕಕ್ಕೆ ಓಟ್ ಹಾಕಿದ್ವಾ? ಡೆವಲಪ್‌ಮೆಂಟ್‌ಗೆ ಹಾಕಿದ್ದು’ ಎನ್ನುತ್ತಾರೆ ಹಿರಿಯರೊಬ್ಬರು. ಅದೇ ಹಿರಿಯರು 2025ರ ಮೇ 7ರಿಂದ 10ರವರೆಗೆ ಪಾಕಿಸ್ತಾನದ ಜೊತೆ ಕಾದಾಟ ನಡೆದಾಗ ದರ್ಶಿನಿಯ ಮುಂದೆ ನಿಂತು ಮೂರೂ ಪಡೆಗಳನ್ನು ನಡೆಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅರ್ಧ ಇಡ್ಲಿ ಬಾಯಲ್ಲಿರುವಾಗಲೇ ಲಾಹೋರ್ ನಮ್ಮದಾಯಿತು. ಎರಡನೇ ಸಲ ಚಟ್ನಿ ಹಾಕಿಸಿಕೊಳ್ಳುವ ಹೊತ್ತಿಗೆ ಕರಾಚಿ ಬಂದರು ಉಡೀಸ್. ಕರಾಚಿಯನ್ನು ಉಡಾಯಿಸಿದ್ದು ಟಿವಿಯವರು, ನೌಕಾಪಡೆಯಲ್ಲ ಎಂದು ಆಮೇಲೆ ಗೊತ್ತಾಯಿತು. ಫಾರ್ವರ್ಡ್ ಮಾಡಿದ್ದನ್ನು ಮಾತ್ರ ಯಾರೂ ಡಿಲೀಟ್ ಮಾಡಲಿಲ್ಲ.

ಅದಕ್ಕೂ ಮೊದಲು ಪಹಲ್ಗಾಮ್‌ನಲ್ಲಿ ಉಗ್ರರ ಗುಂಡಿಗೆ ಸತ್ತ 26 ಜನರಲ್ಲಿ ಶಿವಮೊಗ್ಗದವರೂ ಇದ್ದರು, ಬೆಂಗಳೂರಿನವರೂ ಇದ್ದರು. ಅದಕ್ಕೆ ದೇಶ ಉತ್ತರ ಕೊಟ್ಟದ್ದರ ಮೇಲೆ ನನ್ನ ತಕರಾರಿಲ್ಲ. ತಕರಾರಿರುವುದು ಆ ನಾಲ್ಕು ದಿನದ ನಮ್ಮ ಹಸಿವಿನ ಮೇಲೆ. ಕದನವಿರಾಮ ಎಂದು ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಪ್ರಕಟಿಸಿದ್ದೇ ತಡ, ಜನ ಅವರನ್ನೂ ಬಿಡಲಿಲ್ಲ, ಅವರ ಮಗಳನ್ನೂ ಬಿಡಲಿಲ್ಲ. ದೇಶದ ಅತಿ ದೊಡ್ಡ ರಾಜತಾಂತ್ರಿಕ ಅಧಿಕಾರಿ ಸ್ವಂತ ಪ್ರಜೆಗಳ ಕಾಟಕ್ಕೆ ತಮ್ಮ ಎಕ್ಸ್ ಖಾತೆಗೆ ಬೀಗ ಹಾಕಿಕೊಂಡರು. ಆ ದಿನಗಳಲ್ಲೇ ಪಾಕಿಸ್ತಾನದ ಶೆಲ್ ಬಿದ್ದು ಪೂಂಛ್‌ನಲ್ಲಿ ಮಕ್ಕಳು ಸತ್ತಿದ್ದರು. ಯುದ್ಧ ಇನ್ನೊಂದು ವಾರ ಬೇಕಿತ್ತು ಎಂದವರು ಆ ಮಕ್ಕಳ ತಂದೆತಾಯಿಯರನ್ನು ಒಂದು ಮಾತು ಕೇಳಿದ್ದರೆ ಚೆನ್ನಾಗಿತ್ತು. ಗಡಿಯಿಂದ ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ ಧೈರ್ಯಕ್ಕೆ ಬರವಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಬಾಲಾಕೋಟ್ ದಾಳಿಯ ಮರುದಿನ ಎರಡು ಘಟನೆ ನಡೆದವು. ವಿಂಗ್ ಕಮಾಂಡರ್ ಅಭಿನಂದನ್ ಪಾಕಿಸ್ತಾನದ ಕೈಗೆ ಸಿಕ್ಕರು. ಅದೇ ಬೆಳಿಗ್ಗೆ ಕಾಶ್ಮೀರದ ಬಡ್ಗಾಮ್‌ನಲ್ಲಿ ನಮ್ಮದೇ ಕ್ಷಿಪಣಿ ನಮ್ಮದೇ ಎಂಐ-17 ಹೆಲಿಕಾಪ್ಟರಿಗೆ ಬಡಿದು ವಾಯುಪಡೆಯ ಆರು ಮಂದಿ, ನೆಲದ ಮೇಲಿದ್ದ ಒಬ್ಬ ನಾಗರಿಕ ಸತ್ತರು. ಮೊದಲನೆಯ ಘಟನೆಯಿಂದ ಬೆಂಗಳೂರಿನ ಸಲೂನುಗಳಿಗೆ ಅಭಿನಂದನ್ ಮೀಸೆ ಬಂತು. ಎರಡನೆಯದರಿಂದ ಏನೂ ಬರಲಿಲ್ಲ, ಕಾರಣ ಏನೆಂಬ ಅಧಿಕೃತ ಮಾತು ಕೂಡ. ಏಪ್ರಿಲ್ 9ರಂದು ಲಾತೂರ್‌ನಲ್ಲಿ ಪ್ರಧಾನಿಯವರು, ಮೊದಲ ಸಲ ಓಟು ಹಾಕುವವರು ಅದನ್ನು ಬಾಲಾಕೋಟ್ ವೀರರಿಗೆ ಅರ್ಪಿಸಬಾರದೇ ಎಂದು ಕೇಳಿದರು. ಚುನಾವಣಾ ಆಯೋಗಕ್ಕೆ ಇದರಲ್ಲಿ ತಪ್ಪು ಕಾಣಲಿಲ್ಲ, ಆಯುಕ್ತ ಅಶೋಕ್ ಲವಾಸಾ ಒಬ್ಬರನ್ನು ಬಿಟ್ಟು. ಏಪ್ರಿಲ್ 18ರಂದು ನಮ್ಮ ಬೆಂಗಳೂರು ದಕ್ಷಿಣ ಓಟು ಹಾಕಿ ಬೆರಳು ತೋರಿಸಿ ಸೆಲ್ಫಿ ತೆಗೆದುಕೊಂಡಿತು. ಹೆಲಿಕಾಪ್ಟರ್ ಹೊಡೆದದ್ದು ನಾವೇ, ದೊಡ್ಡ ತಪ್ಪಾಯಿತು ಎಂದು ವಾಯುಪಡೆಯ ಮುಖ್ಯಸ್ಥ ಭದೌರಿಯಾ ಬಾಯಿ ಬಿಟ್ಟದ್ದು ಅಕ್ಟೋಬರ್ 4ರಂದು.

ಏಪ್ರಿಲ್‌ನಲ್ಲಿ ಗೊತ್ತಿರಲಿಲ್ಲ, ಒಪ್ಪಿದೆ. ಮುಚ್ಚಿಟ್ಟದ್ದಕ್ಕೆ ಮತದಾರನನ್ನು ಹೊಣೆ ಮಾಡುವುದು ಅನ್ಯಾಯ. ಅಕ್ಟೋಬರ್‌ನಲ್ಲಿ ಗೊತ್ತಾಯಿತಲ್ಲ? ಆಗ ಎಷ್ಟು ಮೀಸೆ ಇಳಿದವು? ಅರ್ಪಿಸಿದ ಓಟಿನ ರಸೀದಿ ಹಿಡಿದು ‘ಏಳು ತಿಂಗಳು ಯಾಕ್ರೀ ಸುಮ್ಮನಿದ್ರಿ’ ಎಂದು ಕೇಳಲು ಯಾರಾದರೂ ಮೆಟ್ರೊ ಮೆಟ್ಟಿಲ ಕೆಳಗೆ ಧರಣಿ ಕೂತದ್ದನ್ನಂತೂ ನಾನು ಕಾಣೆ.

ಕಾಂಗ್ರೆಸ್ ಗೆಳೆಯರು ಕಿಸಕ್ಕೆನ್ನಬೇಡಿ. 1984ರಲ್ಲಿ ಕರ್ನಾಟಕ ರಾಜೀವ್ ಗಾಂಧಿಯವರಿಗೆ 28ರಲ್ಲಿ 24 ಸ್ಥಾನ ಕೊಟ್ಟಿತು. 1987ರಲ್ಲಿ ಅವರು ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಕಳಿಸಿದರು. ಶಾಂತಿ ಪಾಲಿಸಲು ಹೋದ ನಮ್ಮ ಸೈನಿಕರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ವಾಪಸು ಬರಲಿಲ್ಲ. ಅಕ್ಟೋಬರ್‌ನಲ್ಲಿ, ದೀಪಾವಳಿಯ ದಿನ, ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಪಡೆಯ ಗುಂಡಿಗೆ ವೈದ್ಯರು, ದಾದಿಯರು, ರೋಗಿಗಳು ಸತ್ತರು. 1989ರಲ್ಲಿ ಕರ್ನಾಟಕ ತೀರ್ಪು ಕೊಟ್ಟಿತು: 24 ಇದ್ದದ್ದು 27 ಆಯಿತು. ಉತ್ತರ ಭಾರತ ಅವರನ್ನು ಬೋಫೋರ್ಸ್ ಎಂದು ಮನೆಗೆ ಕಳಿಸುತ್ತಿದ್ದರೆ ನಾವು ಆರತಿ ಎತ್ತುತ್ತಿದ್ದೆವು. ಕೇಳಿದರೆ, ಅದು ಜನತಾದಳದವರ ಕಚ್ಚಾಟಕ್ಕೆ ಹಾಕಿದ ಓಟು ಎನ್ನುತ್ತೇವೆ. ನಿಜವೂ ಹೌದು. ಜಾಫ್ನಾ ನಮ್ಮ ಪಟ್ಟಿಯಲ್ಲೇ ಇರಲಿಲ್ಲ, ಅಷ್ಟೇ.

ಅಲೆಯಲ್ಲಿ ಕೊಚ್ಚಿಹೋದೆವು ಎಂಬ ನೆಪವೂ ನಡೆಯುವುದಿಲ್ಲ. ಕಾರ್ಗಿಲ್ ಗೆದ್ದ ಬಿಸಿ ಆರುವ ಮೊದಲೇ, 1999ರ ಸೆಪ್ಟೆಂಬರ್‌-ಅಕ್ಟೋಬರ್‌ನಲ್ಲಿ ಚುನಾವಣೆ ಬಂತು. ಗೆದ್ದ ಸರ್ಕಾರಕ್ಕೆ ಕೈಮುಗಿದು ಕರ್ನಾಟಕ 18 ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟಿತು. ನಮಗೆ ಈಜು ಬರುತ್ತದೆ.

ಇನ್ನು ಪರಮ ಪವಿತ್ರರ ಒಂದು ಪಂಗಡವಿದೆ. 2024ರ ಏಪ್ರಿಲ್ 26, ಶುಕ್ರವಾರ, ಬೆಂಗಳೂರು ದಕ್ಷಿಣದಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 53. ಉಳಿದವರ ಬೆರಳು ಶುಭ್ರ. ಇವರು ಯಾರನ್ನೂ ಆರಿಸಿಲ್ಲ, ಆದ್ದರಿಂದ ಯಾವುದಕ್ಕೂ ಹೊಣೆಯಲ್ಲ. ಆದರೆ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಅಣುಬಾಂಬು ಹಾಕಬೇಕೆಂದು ಮೊದಲು ಬರೆಯುವವರು ಇವರೇ. ಶಾಲೆಯ ಬೂತಿನವರೆಗೆ ನಡೆಯಲಾಗದವರು ಇಸ್ಲಾಮಾಬಾದಿನವರೆಗೆ ನುಗ್ಗಬಲ್ಲರು. ನಡುವೆ ಒಂದು ಸಣ್ಣ ವಿಷಯ: ನಮ್ಮ ಮೋರಿ ಕಟ್ಟಿಕೊಂಡರೆ ಹೇಳಲು ಬೇಕಾದ ಬಿಬಿಎಂಪಿ ಕಾರ್ಪೊರೇಟರ್‌ನನ್ನು ಕಡೆಯ ಸಲ ಆರಿಸಿದ್ದು 2015ರ ಆಗಸ್ಟ್‌ನಲ್ಲಿ. 2020ರಲ್ಲಿ ಅವಧಿ ಮುಗಿಯಿತು, ಆಮೇಲೆ ಬಿಬಿಎಂಪಿಯೇ ಮುಗಿದು ಐದು ಪಾಲಿಕೆಗಳಾದವು. ಮೋರಿಯ ಚುನಾವಣೆಯನ್ನು ವರ್ಷಗಟ್ಟಲೆ ಕೇಳದ ಜನ ಗಡಿಯಾಚೆಯ ಆಳ್ವಿಕೆಯನ್ನು ಮಾತ್ರ ಬದಲಿಸಲು ಹೊರಟಿದ್ದೇವೆ.

ಹಿಟ್ಲರ್ ಸೋತ ಮೇಲೆ, 1946ರಲ್ಲಿ, ಜರ್ಮನಿಯ ತತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ ತನ್ನ ಜನರ ತಪ್ಪನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ. ಕೈಯಾರೆ ಕೊಂದವನ ತಪ್ಪು ಬೇರೆ, ಅಂಥ ಸರ್ಕಾರದ ಪ್ರಜೆಯಾಗಿದ್ದವನ ಹೊಣೆ ಬೇರೆ ಎಂದು ಬಿಡಿಸಿ ಹೇಳಿದ. ಐದನೆಯ ಬಗೆ ಅವನಿಗೆ ಹೊಳೆದಿರಲಿಲ್ಲ: ಲಾಭ ನನ್ನದು, ನಷ್ಟ ಯಾರದೋ. ಅದಕ್ಕೆ ಹೊಸಹಳ್ಳಿಯವರೇ ಆಗಬೇಕೆಂದಿಲ್ಲ. ಅಬು ಗ್ರೈಬ್ ಜೈಲಿನ ಚಿತ್ರಗಳನ್ನು 2004ರ ಏಪ್ರಿಲ್‌ನಲ್ಲಿ ನೋಡಿದ ಅಮೆರಿಕದ ಜನ ನವೆಂಬರ್‌ನಲ್ಲಿ ಬುಷ್‌ನನ್ನೇ ಮತ್ತೆ ಆರಿಸಿದರು.

ಗೆದ್ದೆತ್ತಿನ ಬಾಲ ಹಿಡಿದವನು ಅದು ಹಾಕಿದ ಸಗಣಿಯನ್ನೂ ಬಾಚಬೇಕು. ಓಟು ಹಾಕಿದ್ದು ಬಾಂಬಿಗಲ್ಲ ಎನ್ನುವುದಾದರೆ ಬಾಂಬಿನ ಹೆಮ್ಮೆಯನ್ನೂ ವಾಪಸು ಕೊಡಿ. ಹೆಮ್ಮೆ ಬೇಕೇ ಬೇಕು ಎಂದಾದರೆ ಬಡ್ಗಾಮ್, ಜಾಫ್ನಾ, ಪೂಂಛ್ ಕೂಡ ನಿಮ್ಮ ಖಾತೆಯಲ್ಲೇ ಇರಲಿ. ಮುಂದಿನ ಸಲ ಸೈನಿಕರ ಹೆಸರಿನಲ್ಲಿ ಓಟು ಕೇಳುತ್ತ ಯಾರಾದರೂ ಬಾಗಿಲಿಗೆ ಬಂದರೆ, ಯಾವ ಪಕ್ಷದವರೇ ಇರಲಿ, ಆ ಹೆಲಿಕಾಪ್ಟರಿನಲ್ಲಿ ಸತ್ತ ಆರು ಮಂದಿಯ ಹೆಸರು ಹೇಳಿ ಎನ್ನಿ. ಅವರಿಗೆ ಗೊತ್ತಿರುವುದಿಲ್ಲ. ಬರುವ ಮೊದಲೇ ನೀವು ತಿಳಿದುಕೊಂಡಿರಿ.